ನೀಲವ್ವನ ಎಣ್ಣೆ ಬಟ್ಟಲು

ಹೋದ ತಿಂಗಳು ಕುಂಬಳಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡೆ. ಜೀವಮಾನವೆಲ್ಲ ದನಗಳ ಮೈಗೆ ಹೊಲಿಗೆ ಹಾಕಿದವಳು ನಾನು. ನನ್ನದೇ ಬೆರಳಿಗೆ ಹೊಲಿಗೆ ಬೇಕಾದಾಗ ಮಾತ್ರ ಹೆದರಿಕೊಂಡು ಬೀದಿ ಕೊನೆಯ ಕ್ಲಿನಿಕ್ಕಿಗೆ ಓಡಿದೆ. ನರ್ಸ್ ಹುಡುಗಿ ಹತ್ತಿಯನ್ನು ಅಯೋಡಿನ್‌ನಲ್ಲಿ ಅದ್ದಿ ಗಾಯಕ್ಕೆ ಒತ್ತಿದಳು. ಆ ವಾಸನೆ ಮೂಗಿಗೆ ಬಂದದ್ದೇ ತಡ, ಕಣ್ಣಲ್ಲಿ ನೀರು ತುಂಬಿಕೊಂಡಿತು. ‘ಅಷ್ಟು ಉರೀತಾ ಮೇಡಂ?’ ಎಂದು ಕೇಳಿದಳು. ಹೌದಮ್ಮ ಎಂದೆ. ಉರಿ ಏನೂ ಇರಲಿಲ್ಲ. ನನಗೆ ನೀಲವ್ವ ನೆನಪಾಗಿದ್ದಳು.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಎರಡು ಮೈಲಿ ಒಳಗೆ ನಡೆದರೆ ಸಿಗುವ ಊರೊಂದರ ಪಶು ಆಸ್ಪತ್ರೆಗೆ ನನ್ನನ್ನು ಹಾಕಿದರು. ಊರಿನ ಹೆಸರು ಬೇಡ, ಅಲ್ಲಿಯವರು ಈಗಲೂ ಇದ್ದಾರೆ. ಆಸ್ಪತ್ರೆ ಅಂದರೆ ಒಂದು ಕೋಣೆ, ಒಂದು ಕುರ್ಚಿ, ದನ ಕಟ್ಟಲು ನಾಲ್ಕು ಕಂಬ, ಮತ್ತು ನನ್ನ ಪುಣ್ಯಕ್ಕೆ ಒಂದು ಹಳೆಯ ಸೂಕ್ಷ್ಮದರ್ಶಕ. ಮೊದಲ ಒಂದು ತಿಂಗಳು ಬಂದವರೆಲ್ಲ ಕುರ್ಚಿಯಲ್ಲಿ ಕೂತ ನನ್ನನ್ನೇ ‘ಡಾಕ್ಟರು ಎಲ್ಲಿ ಹೋಗ್ಯಾರ್ರಿ?’ ಎಂದು ಕೇಳುತ್ತಿದ್ದರು. ನಾನೇ ಡಾಕ್ಟರು ಎಂದರೆ, ಆಗಲಿ ತಗೊಳ್ರಿ, ನಾಳೆ ಬರ್ತೀವಿ ಎಂದು ಎಮ್ಮೆ ತಿರುಗಿಸಿಕೊಂಡು ಹೋಗುತ್ತಿದ್ದರು.

ನಾನಿದ್ದದ್ದು ಊರಿನ ಕಟ್ಟಕಡೆಯ ಮನೆಯಲ್ಲಿ. ಅದರಾಚೆ ಜೋಳದ ಹೊಲ, ಸೂರ್ಯಕಾಂತಿ ಹೊಲ, ಮತ್ತೆ ಜೋಳ. ಸಂಜೆ ಐದೂವರೆಯ ಬಸ್ಸು ಹೋಯಿತೆಂದರೆ ನನ್ನ ಪಾಲಿಗೆ ಲೋಕವೇ ಮುಗಿದ ಹಾಗೆ. ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಹೊತ್ತು ಕಳೆಯಲು ಔಷಧಿ ಡಬ್ಬಿಗಳ ಮೇಲಿನ ಬರಹವನ್ನೆಲ್ಲ ಓದಿ ಮುಗಿಸಿದ್ದೆ. ಸೂಕ್ಷ್ಮದರ್ಶಕದ ಜೊತೆ ಗಟ್ಟಿಯಾಗಿ ಮಾತಾಡುತ್ತಿದ್ದೆ ಎಂದರೆ ನಗಬೇಡಿ. ಹೆಣ್ಣುಮಗಳು ಒಬ್ಬಳೇ ಇದ್ದಾಳೆಂದು ಊರಿನವರು ಮರ್ಯಾದೆ ಕೊಟ್ಟು ದೂರ ಇರುತ್ತಿದ್ದರು. ಆ ಮರ್ಯಾದೆ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಹೊಸ್ತಿಲು ದಾಟಿ ಒಳಗೆ ಬಂದ ಮೊದಲ ಜೀವ ನೀಲವ್ವ. ಐವತ್ತು ದಾಟಿದ ವಿಧವೆ. ಹಣೆಗೆ ಅಗಲವಾಗಿ ವಿಭೂತಿ, ಗಂಡಸಿನ ಹಾಗೆ ದಪ್ಪ ಮಣಿಕಟ್ಟು. ಅವಳ ಕೆಲಸ ಹಾಲು ಕರೆಯುವುದು. ಊರಿಗೆ ಹಾಲಿನ ಸಂಘ ಬಂದು ಮಿಶ್ರತಳಿಯ ಹಸುಗಳು ಬಂದಿದ್ದವು. ಹೆಂಗಸರಿಗೆ ಜವಾರಿ ಆಕಳನ್ನು ಎರಡು ಬೆರಳಲ್ಲಿ ಹಿಂಡಿ ಒಂದು ಸೇರು ಕರೆದು ಗೊತ್ತಿತ್ತೇ ಹೊರತು, ಒಂದೇ ಹೊತ್ತಿಗೆ ಆರೇಳು ಲೀಟರು ಸುರಿಸುವ ಈ ಹಸುಗಳ ಮುಂದೆ ಅವರ ಕೈ ಸೋತುಹೋಗುತ್ತಿತ್ತು. ಹಾಗಾಗಿ ಒಂದೇ ಓಣಿಯ ಹನ್ನೊಂದು ಮನೆಯ ಹಸುಗಳನ್ನು ನೀಲವ್ವನೇ ಕರೆಯುತ್ತಿದ್ದಳು. ಕಾಳು, ಹಾಲು, ಹಬ್ಬಕ್ಕೊಂದು ಸೀರೆ. ಅವಳ ಬದುಕು ಅದರಲ್ಲೇ ನಡೆಯುತ್ತಿತ್ತು.

ಬೆಳಗಿನ ಸರದಿ ಮುಗಿಸಿ ಎಂಟು ಗಂಟೆಗೆ ನನ್ನ ಮನೆಗೆ ಒಂದು ಚೊಂಬು ಹಾಲು ತಂದು ಹೊಸ್ತಿಲ ಮೇಲೆ ಕೂರುತ್ತಿದ್ದಳು. ನಾನು ಎರಡು ಲೋಟ ಚಹಾ ಮಾಡುತ್ತಿದ್ದೆ. ಅವಳು ಸೊಂಟದಿಂದ ಒಂದು ಸಣ್ಣ ಸ್ಟೀಲ್ ಬಟ್ಟಲು ತೆಗೆದು ಪಕ್ಕಕ್ಕಿಡುತ್ತಿದ್ದಳು. ಅದರಲ್ಲಿ ಹರಳೆಣ್ಣೆ. ಕರೆಯುವಾಗ ಬೆರಳು ಜಾರಲೆಂದು ಅದರಲ್ಲಿ ಅದ್ದಿಕೊಳ್ಳುತ್ತಿದ್ದಳು.

‘ಡಾಕ್ಟರವ್ವ, ನಿಮ್ಮ ಉಪ್ಪಿಟ್ಟು ಗ್ವಾಡಿಗಿ ಮೆತ್ತಿದ್ರ ಈ ಮನಿ ಇನ್ನೂ ನೂರು ವರ್ಷ ನಿಲ್ತೈತಿ ನೋಡ್ರಿ’ ಅನ್ನುತ್ತಿದ್ದಳು.

‘ತಿನ್ನಬೇಡ ಹಾಗಾದರೆ’ ಅಂದರೆ, ‘ಹಾಕಿದ್ದನ್ನ ಬಿಡಬಾರ್ದು’ ಎಂದು ತಟ್ಟೆ ಖಾಲಿ ಮಾಡುತ್ತಿದ್ದಳು. ‘ಒಬ್ಬಾಕಿನ ಹೆಂಗ ಇರ್ತೀರಿ? ಸಂಜೀ ಮುಂದ ಯಾರ ಕೂಡ ಮಾತಾಡ್ತೀರಿ?’ ಎಂದು ಎಂದಾದರೊಮ್ಮೆ ಕೇಳುತ್ತಿದ್ದಳು. ನನಗೇನು ಕಡಿಮೆ, ಓದೋದಿದೆ, ಬರೆಯೋದಿದೆ ಎಂದು ಜಂಬದ ಉತ್ತರ ಕೊಡುತ್ತಿದ್ದೆ. ಆ ಅರ್ಧ ಗಂಟೆಗಾಗಿ ನಾನು ಹಿಂದಿನ ಸಂಜೆಯಿಂದ ಕಾಯುತ್ತಿದ್ದೆ ಎಂದು ಅವಳಿಗೆ ಹೇಳಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಮಳೆ ಹಿಡಿದುಕೊಂಡಿತು. ನಮ್ಮ ಕಡೆ ಮಳೆ ಬಂದರೆ ಯಾರೂ ಬೈಯುವುದಿಲ್ಲ. ಆದರೆ ಕೊಟ್ಟಿಗೆಗಳೆಲ್ಲ ಸಗಣಿ ಕೆಸರಾದವು. ಆಗಲೇ ಓಣಿಯ ನಡುವಿನ ಮನೆಯ ಹಾಲಮ್ಮನ ಹಸು ಕೆಂಪಿಗೆ ಕೆಚ್ಚಲು ಬಾವು ಬಂತು. ಕೆಚ್ಚಲಿನ ಒಂದು ಭಾಗ ಊದಿ ಕಲ್ಲಾಗಿತ್ತು, ಮುಟ್ಟಿದರೆ ಬಿಸಿ. ಹಾಲಿನಲ್ಲಿ ಮೊಸರಿನ ಹಾಗೆ ಗಂಟುಗಳು. ಮೊಲೆತೊಟ್ಟಿನೊಳಗೆ ಔಷಧಿ ಏರಿಸಿದೆ, ಚುಚ್ಚುಮದ್ದು ಕೊಟ್ಟೆ. ಕಡಿಮೆಯಾಯಿತು, ವಾರ ಬಿಟ್ಟು ಮತ್ತೆ ಬಂತು. ಹಾಲಮ್ಮ ದೃಷ್ಟಿ ತೆಗೆದಳು. ನಾನು ಔಷಧಿ ಬದಲಿಸಿದೆ. ಇಬ್ಬರದೂ ಅಷ್ಟಕ್ಕಷ್ಟೇ ಆಯಿತು.

ಒಂದು ದಿನ ಬೆಳಗಿನ ಸರದಿಗೆ ನೀಲವ್ವನ ಜೊತೆ ನಾನೂ ಹೊರಟೆ. ಓಣಿಯ ಮೊದಲ ಮನೆ ದಾಟಿದಳು, ಎರಡನೆಯದು ದಾಟಿದಳು, ಐದು ಮನೆ ಬಿಟ್ಟು ನೇರ ಕೆಂಪಿಯ ಹತ್ತಿರ ಹೋದಳು.

‘ಇದ್ಯಾಕೆ ಮೊದಲು?’ ಎಂದೆ.

‘ಬ್ಯಾನಿ ಇದ್ದದ್ದನ್ನ ಕಾಯಸಬಾರ್ದ್ರೀ. ಕೆಚ್ಚಲು ತುಂಬಿ ಜಗ್ಗತಿರ್ತೈತಿ, ಪಾಪ. ನಮ್ಮವ್ವ ಕಲಿಸಿದ್ದು ಇದು. ಮೊದಲು ಬ್ಯಾನಿದು, ಆಮ್ಯಾಲ ಗಟ್ಟಿ ಇದ್ದವು.’

ಕೆಂಪಿಯ ಕೆಟ್ಟ ಹಾಲನ್ನು ನೆಲಕ್ಕೆ ಹಿಂಡಿದಳು, ಸೊಂಟದ ಬಟ್ಟೆಯಿಂದ ಕೆಚ್ಚಲು ಒರೆಸಿದಳು, ಬಟ್ಟಲಿನ ಎಣ್ಣೆಗೆ ಬೆರಳದ್ದಿ ಒಂದು ಗಂಟೂ ಉಳಿಯದಂತೆ ನಿಧಾನವಾಗಿ ಕರೆದಳು. ಆಮೇಲೆ ಅದೇ ಕೈ, ಅದೇ ಬಟ್ಟೆ, ಅದೇ ಬಟ್ಟಲು ಹತ್ತು ಮನೆಗೆ ಹೋದವು. ಐದು ವರ್ಷ ಓದಿ ಪದವಿ ತಗೊಂಡ ನಾನು ಹಿಂದೆ ಹಿಂದೆ ನಡೆಯುತ್ತ ಎಷ್ಟು ಒಳ್ಳೆಯ ಮನಸ್ಸು ಇವಳದು ಎಂದುಕೊಂಡೆ. ಅಷ್ಟೇ ಅಂದುಕೊಂಡದ್ದು. ನನ್ನ ತಲೆಗೆ ಏನಾಗಿತ್ತೋ.

ಗಣೇಶನ ಹಬ್ಬದ ಹೊತ್ತಿಗೆ ಸಂಘದ ಹಾಲು ಕಾಯಿಸಿದರೆ ಒಡೆಯತೊಡಗಿತು. ಒಂದೊಂದೇ ಹಸುವಿನ ಹಾಲು ಇಳಿಯಿತು. ಕೆಚ್ಚಲು ಕೆಟ್ಟ ಹಸುವಿಗೆ ಸಂತೆಯೇ ಗತಿ ಎಂದು ಎಲ್ಲರಿಗೂ ಗೊತ್ತಿತ್ತು, ಹೆಂಗಸರು ಕೊಟ್ಟಿಗೆಯಲ್ಲಿ ನಿಂತು ಅಳುತ್ತಿದ್ದರು. ಸಂಘದ ಕಾರ್ಯದರ್ಶಿ ಕೊಟ್ರಪ್ಪ ನನ್ನ ಬಳಿ ಬಂದ. ‘ಡಾಕ್ಟರ್ರ, ಏನಾರ ಮಾಡ್ರಿ. ಹಿಂಗಾದ್ರ ಸಂಘದ ಬಾಗಿಲು ಹಾಕಬೇಕಾಗ್ತೈತಿ’ ಎಂದ. ನನ್ನನ್ನು ಡಾಕ್ಟರು ಎಂದು ಅವನು ಕರೆದದ್ದು ಅದೇ ಮೊದಲು.

ನನಗೆ ರೆಕ್ಕೆ ಬಂದಂತಾಯಿತು. ಮನೆಮನೆಗೆ ಹೋಗಿ ನಾಲ್ಕೂ ತೊಟ್ಟಿನ ಹಾಲು ತಟ್ಟೆಗೆ ಹಿಂಡಿ, ಬಟ್ಟೆ ಸೋಪಿನ ಪುಡಿ ಕದಡಿದ ನೀರು ಬೆರೆಸಿ ತಿರುಗಿಸಿದೆ. ಒಳ್ಳೆಯ ಹಾಲು ತೆಳ್ಳಗೇ ಉಳಿಯುತ್ತದೆ, ಸೋಂಕಿನ ಹಾಲು ಲೋಳೆಯಾಗುತ್ತದೆ. ನೋಡಲು ಏನೂ ಆಗಿರದ ಹಸುಗಳದೂ ಲೋಳೆಯಾಯಿತು. ಗಾಜಿನ ಮೇಲೆ ಹಾಲು ಸವರಿ ಬಣ್ಣ ಹಾಕಿ ನೋಡಿದೆ. ದ್ರಾಕ್ಷಿ ಗೊಂಚಲಿನ ಹಾಗೆ ನೇರಳೆ ಚುಕ್ಕೆಗಳು. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ. ದೂರದ ಪ್ರಯೋಗಾಲಯಕ್ಕೆ ಬಾಟಲಿಗಳನ್ನು ಮಂಜುಗಡ್ಡೆಯಲ್ಲಿಟ್ಟು ಬಸ್ಸಿನಲ್ಲಿ ಕಳಿಸಿದೆ, ಅವರೂ ಅದನ್ನೇ ಹೇಳಿದರು. ಒಂದು ಹಸುವಿನದು ಮಾತ್ರ ಬೇರೆ. ಅದಕ್ಕೆ ಒಮ್ಮೆಲೇ ಜ್ವರ ಏರಿ ಹಾಲು ನೀರಾಗಿತ್ತು. ಅದು ಇ. ಕೊಲೈ ಎಂಬ ಇನ್ನೊಂದು ಬ್ಯಾಕ್ಟೀರಿಯಾ, ಸಗಣಿ ಕೆಸರಿನಲ್ಲಿ ಮಲಗಿದಾಗ ನೆಲದಿಂದಲೇ ಬರುವಂಥದ್ದು. ಆದರೆ ಈ ಗೊಂಚಲು ಚುಕ್ಕೆಗಳದು ಹಾಗಲ್ಲ. ಅವು ಕೆಚ್ಚಲಿನೊಳಗೆ ಗೂಡು ಕಟ್ಟಿ ಅಡಗಿ ಕೂರುತ್ತವೆ. ಒಂದು ಹಸುವಿನಿಂದ ಇನ್ನೊಂದಕ್ಕೆ ಅವನ್ನು ದಾಟಿಸುವುದು ಕರೆಯುವ ಕೈ.

ಇದು ತಿಳಿದ ದಿನ ನಾನು ಮಾಡಬೇಕಾಗಿದ್ದದ್ದು ಏನು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಮರುದಿನ ಬೆಳಿಗ್ಗೆ ಹೊಸ್ತಿಲ ಮೇಲೆ ಕೂತವಳಿಗೆ ಚಹಾ ಕೊಟ್ಟು, ನೀಲವ್ವ, ಹೀಗಾಗಿದೆ ನೋಡು ಎಂದು ಮೊದಲು ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅವಳು ಚಹಾ ಕುಡಿದು ಹೋದಳು. ನಾನು ಅಂದೇ ಸಂಘದ ಸಭೆಗೆ ಹೋದೆ.

ಸಭೆಗೆ ಇಡೀ ಓಣಿ ಬಂದಿತ್ತು. ಅಷ್ಟು ಜನ ನನ್ನ ಮಾತು ಕೇಳಲು ಕೂತದ್ದನ್ನು ನಾನು ಆ ಊರಿನಲ್ಲಿ ಕಂಡೇ ಇರಲಿಲ್ಲ. ಸಂಘದ ಕರಿಹಲಗೆಯ ಮೇಲೆ ಮನೆಗಳನ್ನು ಸುಣ್ಣದ ಕಡ್ಡಿಯಿಂದ ಬರೆದೆ, ಸೋಂಕಿದ್ದವಕ್ಕೆ ಕೆಂಪು ಗುರುತು. ಕೆಂಪಿಯಿಂದ ಶುರುಮಾಡಿ ಕರೆಯುವ ಸರದಿಯಂತೆ ಮನೆಯಿಂದ ಮನೆಗೆ ಗೆರೆ ಎಳೆದೆ. ಆ ಓಣಿಯಲ್ಲಿ ತಾವೇ ಕರೆದುಕೊಳ್ಳುವ ಮೂರು ಮನೆಗಳಿದ್ದವು. ಅವಕ್ಕೆ ಗುರುತು ಇರಲಿಲ್ಲ, ಗೆರೆಯೂ ಮುಟ್ಟಲಿಲ್ಲ. ನಾನಿನ್ನೂ ಬ್ಯಾಕ್ಟೀರಿಯಾ ಅಂದರೇನು ಎಂದು ವಿವರಿಸುತ್ತಿದ್ದೆ, ಕೊಟ್ರಪ್ಪ ಹಲಗೆ ನೋಡುತ್ತ, ‘ಅಂದ್ರ ನೀಲವ್ವನ ಕೈ’ ಎಂದ.

ನೀಲವ್ವ ಬಾಗಿಲ ಬಳಿ ಕೂತಿದ್ದಳು. ಜಳಕ ಮಾಡದೆ, ವಿಭೂತಿ ಹಚ್ಚದೆ ಒಂದು ದಿನವೂ ಹಸುವಿನ ಕೆಳಗೆ ಕೂತವಳಲ್ಲ. ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡಳು, ಎದ್ದು ಎಣ್ಣೆ ಬಟ್ಟಲನ್ನು ಮೆಟ್ಟಿಲ ಮೇಲಿಟ್ಟಳು, ಹೊರಟುಹೋದಳು. ನಾನು ಸುಣ್ಣದ ಕಡ್ಡಿ ಹಿಡಿದು ನಿಂತೇ ಇದ್ದೆ.

ಅಂದು ಸಂಜೆಯಿಂದ ಹಾಲು ಹಿಂಡಲು ಅವಳನ್ನು ಯಾರೂ ಕೂಗಲಿಲ್ಲ. ಕೈ ತೊಳೆದರೆ ಸಾಕು, ಅವಳದೇನೂ ತಪ್ಪಿಲ್ಲ ಎಂದು ನಾನು ಮನೆಮನೆಗೆ ಹೋಗಿ ಹೇಳಿದೆ. ‘ಹೌದ್ರಿ ಹೌದ್ರಿ’ ಅಂದರು. ಹೆಂಗಸರು ತಾವೇ ಕರೆಯತೊಡಗಿದರು. ಮರುದಿನ ಎಂಟಕ್ಕೆ ಒಲೆಯ ಮೇಲೆ ಎರಡು ಲೋಟದ ಚಹಾ ಇಟ್ಟುಬಿಟ್ಟಿದ್ದೆ. ಹತ್ತರ ತನಕ ಕಾದು ಎರಡನ್ನೂ ನಾನೇ ಕುಡಿದೆ. ಬಟ್ಟಲನ್ನು ತಂದು ಆಸ್ಪತ್ರೆಯ ಕಿಟಕಿಯಲ್ಲಿಟ್ಟುಕೊಂಡಿದ್ದೆ. ಮೂರು ಸಲ ಅವಳ ಮನೆಗೆ ಹೋದೆ. ಮೂರು ಸಲವೂ ಬಾಗಿಲು ಹಾಕಿತ್ತು, ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

ವಾರದ ಮೇಲೆ ಅವಳೇ ಆಸ್ಪತ್ರೆಗೆ ಬಂದಳು. ಕೂರಲಿಲ್ಲ.

‘ತೋರಸ್ರಿ. ನನ್ನ ಕೈಯಾಗ ಏನೈತಿ, ನಾನೂ ನೋಡ್ತೀನಿ.’

ಅವಳ ಬೆರಳಿನ ಬಿರುಕುಗಳಿಂದ ಹತ್ತಿಯಲ್ಲಿ ಒರೆಸಿ ತೆಗೆದು, ಗಾಜಿಗೆ ಸವರಿ, ಬೆಂಕಿಗೆ ಹಿಡಿದು, ಬಣ್ಣ ಹಾಕಿ ಇಟ್ಟೆ. ಒಂದು ಕಣ್ಣು ಮುಚ್ಚುವುದು ಅವಳಿಗೆ ಬರಲಿಲ್ಲ, ನಾನೇ ಅಂಗೈಯಿಂದ ಮುಚ್ಚಿದೆ. ಬಹಳ ಹೊತ್ತು ನೋಡಿದಳು.

‘ನೀಲಿ ಚುಕ್ಕಿ ಅದಾವು.’

‘ಅವೇ.’

‘ಜೀವ ಐತೇನು ಅವಕ್ಕ?’

‘ಇತ್ತು.’

ತಲೆ ಎತ್ತಿದಳು. ‘ನಿಮ್ಮ ಕೈ ತೋರಸ್ರಿ ಈಗ.’

ನಾನು ಇದನ್ನು ಎಣಿಸಿರಲಿಲ್ಲ. ನನ್ನ ಬೆರಳನ್ನೂ ಒರೆಸಿ ಬಣ್ಣ ಹಾಕಿದೆ. ಅಲ್ಲೂ ಇದ್ದವು, ಕಡಿಮೆ, ಆದರೆ ಇದ್ದವು. ಪರೀಕ್ಷೆ ಮಾಡುತ್ತೇನೆಂದು ಅದೇ ಓಣಿಯಲ್ಲಿ ಒಂದಾದ ಮೇಲೊಂದು ಹಸುವಿನ ತೊಟ್ಟು ಹಿಂಡಿದವಳು ನಾನೂ ಅಲ್ಲವೇ. ಎಲ್ಲ ಕೊಟ್ಟಿಗೆಯಲ್ಲೂ ಕೈ ತೊಳೆದಿದ್ದೆನೇ? ತೊಳೆದಿರಲಿಲ್ಲ, ನೀರು ಕೇಳಲು ಸಂಕೋಚವಾಗಿತ್ತು.

‘ನಿಮ್ಮ ಕೈಯಾಗೂ ಅದಾವು’ ಎಂದಳು ನೀಲವ್ವ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ‘ಹಂಗಾದ್ರ ಹಲಗಿ ಮ್ಯಾಲ ನಿಮ್ಮ ಹೆಸರ ಯಾಕ ಬರೀಲಿಲ್ರಿ?’

ತಪ್ಪಾಯಿತು ನೀಲವ್ವ ಎಂದೆ. ಅವಳು ತಲೆ ಆಡಿಸಿದಳು, ಒಪ್ಪಿದಳೋ ಬಿಟ್ಟಳೋ ತಿಳಿಯಲಿಲ್ಲ. ‘ಈಗ ಹೆಂಗ ಕರೀಬೇಕು ಹೇಳ್ರಿ’ ಎಂದಳು.

ಹೇಳಿದೆ. ಒಂದೊಂದು ಮನೆಗೂ ಒಂದು ಬಟ್ಟೆ. ಒಂದೊಂದು ಹಸುವಿಗೂ ಮುಂಚೆ ಸೋಪಿನಿಂದ ಕೈ ತೊಳೆಯಬೇಕು. ಎಣ್ಣೆ ಬೇಡ. ಕರೆದ ಮೇಲೆ ತೊಟ್ಟುಗಳನ್ನು ಅಯೋಡಿನ್‌ನಲ್ಲಿ ಅದ್ದಬೇಕು. ಆಮೇಲೆ ಹಸುವಿಗೆ ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸಬೇಕು, ತೊಟ್ಟಿನ ಬಾಯಿ ಮುಚ್ಚುವ ತನಕ ನೆಲಕ್ಕೆ ಮಲಗಬಾರದು. ಎಲ್ಲಕ್ಕೂ ಹೂಂ ಎಂದಳು. ಕೊನೆಯದಕ್ಕೆ ಬಂದೆ. ಬಾವು ಇರುವ ಹಸುವನ್ನು ಎಲ್ಲ ಮುಗಿದ ಮೇಲೆ, ಕಡೆಗೆ ಕರೆಯಬೇಕು.

‘ಅದೊಂದು ಆಗಂಗಿಲ್ರಿ’ ಎಂದಳು. ‘ಹೆರಿಗಿ ಬ್ಯಾನಿ ಬಂದಾಕಿಗೆ, ತಡಿಯವ್ವ, ಎಲ್ಲಾರ್ನೂ ನೋಡಿ ಕಡೀಗೆ ನಿನ್ನ ನೋಡ್ತೀನಿ ಅಂತಾರೇನ್ರಿ? ನನ್ನ ಹೆಜ್ಜಿ ಸಪ್ಪಳ ಕೇಳಿದ್ರ ಸಾಕು, ಕೆಂಪಿ ಒದರ್ತೈತಿ. ಅದರ ಮುಂದ ಹಾದು ಹೆಂಗ ಹೋಗ್ಲಿ?’

‘ಅದರ ಹತ್ತಿರ ಮೊದಲು ಹೋದರೆ ಉಳಿದ ಹತ್ತಕ್ಕೂ ಅದರ ನೋವು ಹೊತ್ತುಕೊಂಡು ಹೋಗುತ್ತೀಯಲ್ಲ ನೀಲವ್ವ’ ಎಂದೆ.

ಅವಳು ಹೊರಟಳು. ಬಟ್ಟಲು ಕೊಡಲು ಹಿಂದೆ ಓಡಿದೆ. ತಿರುಗಿ ನೋಡದೆ ಕೈ ಚಾಚಿ ಇಸಿದುಕೊಂಡಳು.

ದೀಪಾವಳಿಯ ಹೊತ್ತಿಗೆ ಓಣಿಯವರಿಗೇ ಬುದ್ಧಿ ಬಂತು. ಹೆಂಗಸರ ಕೈಗೆ ಕೆಚ್ಚಲು ಪೂರ್ತಿ ಖಾಲಿಯಾಗುತ್ತಿರಲಿಲ್ಲ. ಒಳಗೆ ಉಳಿದ ಹಾಲಿನಿಂದ ಬಾವು ಇನ್ನೂ ಹೆಚ್ಚಿತು. ಕೊಟ್ರಪ್ಪನೇ ಹೋಗಿ, ‘ನಂದು ನಾಲಿಗಿ ಉದ್ದಾತು ನೀಲವ್ವ, ಬಾ’ ಎಂದು ಕರೆದು ತಂದ. ಅವಳು ಬಂದಳು. ಆದರೆ ನನ್ನ ಮನೆಗೆ ಬರಲಿಲ್ಲ. ಹಾಲು ಹಾಲಮ್ಮನ ಕೈಯಲ್ಲಿ ಬರುತ್ತಿತ್ತು. ಅಯೋಡಿನ್ ಬಾಟಲಿ ಆಸ್ಪತ್ರೆಯ ಕಟ್ಟೆಯ ಮೇಲೆ ಇಟ್ಟರೆ ನಾನಿಲ್ಲದಾಗ ಒಯ್ಯುತ್ತಿದ್ದಳು. ದಾರಿಯಲ್ಲಿ ಎದುರಾದರೆ ‘ಆರಾಮ್ರಿ?’ ಎನ್ನುತ್ತಿದ್ದಳು, ಎಲ್ಲರೂ ನನ್ನನ್ನು ಕೇಳುವ ಹಾಗೆ. ಅದು ಬೈಗುಳಕ್ಕಿಂತ ಹೆಚ್ಚು ನೋಯುತ್ತಿತ್ತು.

ಕಾರ್ತಿಕದ ಚಳಿಯಲ್ಲಿ ಒಂದು ಬೆಳಿಗ್ಗೆ ಹಾಲಿನ ಮಾದರಿ ತರಲು ಹಾಲಮ್ಮನ ಮನೆಗೆ ಬೇಗ ಹೋದೆ. ಹಿತ್ತಲ ಕಡೆಯಿಂದ ಬಂದವಳು ಗೋಡೆಯ ಮರೆಯಲ್ಲೇ ನಿಂತೆ. ಕೊಟ್ಟಿಗೆಯಲ್ಲಿ ನೀಲವ್ವ ಕೆಂಪಿಯ ಮುಂದೆ ನಿಂತಿದ್ದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಕೆಂಪಿ ಮೂತಿ ಚಾಚಿದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು.

‘ಬಂದೀನವ್ವ, ಇಲ್ಲೇ ಅದೀನಿ’ ಅನ್ನುತ್ತಿದ್ದಳು. ‘ಈಗ ಮುಟ್ಟಂಗಿಲ್ಲ. ಇವನ್ನೆಲ್ಲ ಮುಗಿಸಿ ನಿನ್ನ ಹತ್ರನ ಬರ್ತೀನಿ. ತಡಕೋ ಒಂದೀಟು.’

ಅಷ್ಟು ಹೇಳಿ ಮೊದಲ ಮನೆಗೆ ಹೋದಳು. ನಾನು ಹಾಲಮ್ಮನ ಒಲೆಯ ಬಳಿ ಕಾದು ಕೂತೆ. ಹತ್ತು ಹಸು ಕರೆದು ಕಡೆಗೆ ಬಂದು ಕೆಂಪಿಯ ಕೆಳಗೆ ಕೂತಳು. ಹಾಲಮ್ಮ ಹೇಳಿದಳು, ದಿನಾ ಹೀಗೆಯೇ ಅಂತೆ. ನಾನು ಮಾದರಿ ತೆಗೆದುಕೊಳ್ಳದೆ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಸಂಕ್ರಾಂತಿಗೆ ಹೊಸ ಬಾವು ನಿಂತಿತ್ತು. ಕೆಂಪಿಯ ಒಂದು ತೊಟ್ಟು ಬತ್ತಿಹೋಯಿತು, ಉಳಿದ ಮೂರು ಉಳಿದವು, ಹಾಲಮ್ಮ ಅದನ್ನು ಸಂತೆಗೆ ಹೊಡೆಯಲಿಲ್ಲ. ಸಂಘದ ಹಾಲು ಒಡೆಯುವುದು ನಿಂತಿತು. ಜನ ಈಗ ನನ್ನನ್ನು ಡಾಕ್ಟರು ಎಂದೇ ಕರೆಯುತ್ತಿದ್ದರು. ನನಗೆ ಬೇಕಾಗಿದ್ದದ್ದು ಅದೇ, ಆದರೆ ಬೆಳಗಿನ ಎಂಟು ಗಂಟೆ ಬಂದರೆ ಹೊಸ್ತಿಲ ಕಡೆ ನೋಡದಿರಲು ಬೆನ್ನು ತಿರುಗಿಸಿ ಕೂರುತ್ತಿದ್ದೆ.

ಶಿವರಾತ್ರಿ ಆದ ಮೇಲೆ ಕರಾವಳಿ ಕಡೆಗೆ ವರ್ಗವಾಯಿತು. ಹೊರಡುವ ದಿನ ಟ್ರಂಕು ಕಟ್ಟಿ, ಲೋಟ ತಟ್ಟೆ ಗೋಣಿಗೆ ತುಂಬಿ, ಹತ್ತೂವರೆಯ ಬಸ್ಸಿಗೆ ಕಾಯುತ್ತಿದ್ದೆ. ಕೊಟ್ರಪ್ಪ ಬಂದು ಹೂವಿನ ಹಾರ ಹಾಕಿ ಹೋದ, ಹಾಲಮ್ಮ ಶೇಂಗಾ ಹೋಳಿಗೆ ಕೊಟ್ಟು ಹೋದಳು. ಎಂಟು ಹೊಡೆಯಿತು, ಒಂಬತ್ತೂ ಹೊಡೆಯಿತು. ಇನ್ನು ಬರುವುದಿಲ್ಲ ಎಂದು ಬೀಗ ಕೈಗೆ ತಗೊಂಡೆ.

ಆಗ ಅವಳು ಬಂದಳು. ಹೊಸ್ತಿಲ ಮೇಲೆ ತನ್ನ ಜಾಗದಲ್ಲಿ ಕೂತು ಬಟ್ಟಲನ್ನು ಪಕ್ಕಕ್ಕಿಟ್ಟಳು. ಅದರ ತಳದಲ್ಲಿ ಅಯೋಡಿನ್‌ನ ಕಂದು ಕಲೆ ಕೂತಿತ್ತು. ನಾನು ಗೋಣಿ ಬಿಚ್ಚಿ ಎರಡು ಲೋಟ ತೆಗೆದೆ. ಸ್ಟೋವು ಕೊಟ್ಟುಬಿಟ್ಟಿದ್ದೆ, ಚಹಾ ಇರಲಿಲ್ಲ. ಅವಳು ತಂದಿದ್ದ ಹಾಲನ್ನೇ ಎರಡಕ್ಕೂ ಸುರಿದೆ. ಹಾಲು ಇನ್ನೂ ಬೆಚ್ಚಗಿತ್ತು.

‘ಇಷ್ಟು ದಿನ ಯಾಕೆ ಬರಲಿಲ್ಲ ನೀಲವ್ವ?’ ಎಂದು ಕೇಳಿದೆ.

ಅವಳು ಹಾಲು ಕುಡಿದು ಮುಗಿಸಿ ಲೋಟ ಕೆಳಗಿಟ್ಟಳು.

‘ಬ್ಯಾನಿ ಇದ್ದವ್ರ ಹತ್ರ ಕಡೀಗೆ ಹೋಗ್ಬೇಕು ಅಂತ ನೀವ ಕಲಿಸೀರಲ್ರೀ’ ಎಂದಳು. ‘ದಿನಾ ಸಂಜಿಗೆ ಆ ಬೇವಿನ ಗಿಡದ ತನಕ ಬಂದು ನಿಂತು, ನಿಮ್ಮ ದೀಪ ನೋಡಿ ಹೋಗ್ತಿದ್ನಿ.’

ಆಮೇಲೆ ನನ್ನ ಎರಡೂ ಕೈಗಳನ್ನು ತನ್ನ ಕೈಗಳಲ್ಲಿ ಹಿಡಿದುಕೊಂಡು ಕೂತಳು. ರಸ್ತೆಯ ತನಕ ಟ್ರಂಕು ಅವಳೇ ಹೊತ್ತು ತಂದಳು. ಬಸ್ಸು ಹರಪನಹಳ್ಳಿ ದಾಟಿ ತೆಲಿಗಿಯ ಕಡೆ ಹೊರಳಿದರೂ ನನ್ನ ಕೈಗಳಲ್ಲಿ ಅಯೋಡಿನ್ ವಾಸನೆ ಇತ್ತು. ಇಡೀ ಓಣಿಗೆ ಕೈ ತೊಳೆಯಲು ಕಲಿಸಿದ ನಾನು ಅವತ್ತು ರಾತ್ರಿ ಊಟಕ್ಕೂ ಕೈ ತೊಳೆಯಲಿಲ್ಲ.